ನನಗೊಬ್ಬರಿದ್ದಾರೆ

ಎಷ್ಟೇ ಕಷ್ಟ ಬಂದರೂ ಕೆಲವು ಮಕ್ಕಳು ಕುಗ್ಗದೆ ಬೆಳೆದು ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ ಯಾರಿರುತ್ತಾರೆ? ಒಂದು ಪುಟ್ಟ ದ್ವೀಪದಲ್ಲಿ ನಲವತ್ತು ವರ್ಷ ನಡೆದ ಅಧ್ಯಯನ ಕೊಟ್ಟ ಉತ್ತರದಲ್ಲಿ ಅಜ್ಜ-ಅಜ್ಜಿಯರಿಗೆ ದೊಡ್ಡ ಜಾಗವಿದೆ.

ಪೆಸಿಫಿಕ್ ಮಹಾಸಾಗರದ ನಡುವೆ ಅಮೆರಿಕಕ್ಕೆ ಸೇರಿದ ಹವಾಯಿ ದ್ವೀಪಗಳ ಸಾಲಿದೆ. ಅದರಲ್ಲಿ ಕವಾಯಿ ಎಂಬುದೊಂದು ಹಸಿರು ದ್ವೀಪ. 1955ರಲ್ಲಿ ಅಲ್ಲಿನ ಹೆಚ್ಚಿನ ಜನರಿಗೆ ಕಬ್ಬಿನ ಗದ್ದೆ ಮತ್ತು ಅನಾನಸ್ ತೋಟಗಳೇ ಅನ್ನದ ದಾರಿ. ಜಪಾನ್, ಫಿಲಿಪೈನ್ಸ್ ಮುಂತಾದ ಕಡೆಗಳಿಂದ ಹಿಂದೆ ಕೂಲಿಗೆ ಬಂದವರ ಕುಟುಂಬಗಳೂ ದ್ವೀಪದ ಮೂಲ ನಿವಾಸಿಗಳೂ ಅಲ್ಲಿ ಒಟ್ಟಿಗೆ ಬದುಕುತ್ತಿದ್ದರು.

ಆ ವರ್ಷ ಕವಾಯಿಯಲ್ಲಿ 698 ಮಕ್ಕಳು ಹುಟ್ಟಿದರು. ವೈದ್ಯರು, ದಾದಿಯರು ಮತ್ತು ಮನಶ್ಶಾಸ್ತ್ರಜ್ಞರ ಒಂದು ತಂಡ ಆ ಎಲ್ಲ ಮಕ್ಕಳ ಬೆಳವಣಿಗೆಯನ್ನೂ ಬರೆದಿಡಲು ನಿರ್ಧರಿಸಿತು. ಮಕ್ಕಳಿಗೆ 1 ವರ್ಷ ತುಂಬಿದಾಗ ನೋಡಿದರು, 2 ತುಂಬಿದಾಗ ನೋಡಿದರು. ಆಮೇಲೆ 10ನೇ ವಯಸ್ಸಿನಲ್ಲಿ, 18ರಲ್ಲಿ, 32ರಲ್ಲಿ, ಕೊನೆಗೆ 40ರಲ್ಲಿ ಮತ್ತೆ ಮತ್ತೆ ಹುಡುಕಿಕೊಂಡು ಹೋಗಿ ಮಾತನಾಡಿಸಿದರು. ಈ ಕೆಲಸದ ಮುಂದಾಳು ಎಮ್ಮಿ ವರ್ನರ್. 1929ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈಕೆ ಎರಡನೇ ಮಹಾಯುದ್ಧದ ನಡುವೆ ಬಾಲ್ಯ ಕಳೆದವರು. ಮುಂದೆ ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾದರು. ಕವಾಯಿಯಲ್ಲೇ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞೆ ರೂತ್ ಸ್ಮಿತ್ ಅವರ ಜೊತೆಗಾತಿ.

ಆ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಕ್ಕಳ ಬದುಕು ಹುಟ್ಟಿನಿಂದಲೇ ಕಷ್ಟದ್ದಾಗಿತ್ತು. ಮನೆಯಲ್ಲಿ ಬಡತನ, ದಿನವೂ ಜಗಳ, ಕುಡಿತ, ತಂದೆಗೋ ತಾಯಿಗೋ ಮಾನಸಿಕ ಕಾಯಿಲೆ, ಹೆರಿಗೆಯ ವೇಳೆ ಆದ ತೊಂದರೆ. ಇವುಗಳಲ್ಲಿ ಒಂದಲ್ಲ, ನಾಲ್ಕಾರು ಒಟ್ಟಿಗೇ ಬಂದಿದ್ದವು. ಇಂಥ ಮನೆಯ ಮಕ್ಕಳ ಗತಿ ಏನಾಗುತ್ತದೆ ಎಂದು ಕೇಳಿದರೆ ನಮ್ಮೂರಿನ ಜಗಲಿಯಲ್ಲೂ ಒಂದೇ ಉತ್ತರ ಬರುತ್ತಿತ್ತು: "ನೂಲಿನಂತೆ ಸೀರೆ."

ಆ ಮಾತು ಪೂರ್ತಿ ಸುಳ್ಳಾಗಲಿಲ್ಲ. ಆ ಗುಂಪಿನ ಮೂರರಲ್ಲಿ ಎರಡು ಪಾಲು ಮಕ್ಕಳು ಹತ್ತು ವರ್ಷದ ಹೊತ್ತಿಗೆ ಕಲಿಕೆಯಲ್ಲಿ ಹಿಂದೆ ಬಿದ್ದಿದ್ದರು, ಇಲ್ಲವೇ ಹದಿನೆಂಟರ ಹೊತ್ತಿಗೆ ಒಂದಲ್ಲ ಒಂದು ತೊಂದರೆಗೆ ಸಿಲುಕಿದ್ದರು. ಆದರೆ ಉಳಿದ ಒಂದು ಪಾಲು, ಅಂದರೆ 72 ಮಕ್ಕಳು, ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡಿದರು. ಶಾಲೆಯಲ್ಲಿ ಚೆನ್ನಾಗಿ ಕಲಿತರು, ಸ್ನೇಹಿತರನ್ನು ಸಂಪಾದಿಸಿದರು, ಇನ್ನೊಬ್ಬರ ನೋವಿಗೆ ಮರುಗುವವರಾಗಿ ಬೆಳೆದರು. 40ನೇ ವಯಸ್ಸಿನಲ್ಲಿ ವಿಚಾರಿಸಿದಾಗ ಅವರಲ್ಲಿ ಒಬ್ಬರೂ ಕೆಲಸವಿಲ್ಲದೆ ಕುಳಿತಿರಲಿಲ್ಲ, ಒಬ್ಬರ ಮೇಲೂ ಪೊಲೀಸ್ ಕೇಸು ಇರಲಿಲ್ಲ.

ಅದೇ ಬಡತನ, ಅದೇ ಜಗಳ, ಅದೇ ದ್ವೀಪ. ಹಾಗಿದ್ದರೆ ಈ 72 ಮಕ್ಕಳಿಗೆ ಸಿಕ್ಕಿದ್ದು ಏನು?

ದೊಡ್ಡವರಲ್ಲಿ ಒಬ್ಬರು

ವರ್ನರ್ ಅವರಿಗೆ ಹಲವು ಕಾರಣಗಳು ಕಂಡವು. ಕೆಲವು ಮಕ್ಕಳದು ಹುಟ್ಟಿನಿಂದಲೇ ನಗುಮುಖದ, ಎಲ್ಲರೊಂದಿಗೂ ಬೆರೆಯುವ ಸ್ವಭಾವ. ಹಲವರಿಗೆ ಯಾವುದೋ ಒಂದು ಹವ್ಯಾಸ ಅಥವಾ ಕೌಶಲ ಇತ್ತು. ಅದನ್ನು ಮಾಡುವಾಗ ತಮ್ಮ ಬಗ್ಗೆ ತಮಗೇ ಹೆಮ್ಮೆಯೆನಿಸುತ್ತಿತ್ತು. ಹಲವರ ಹೆಗಲ ಮೇಲೆ ಮನೆಯ ನಿಜವಾದ ಒಂದು ಜವಾಬ್ದಾರಿ ಇತ್ತು: ತಂಗಿಯನ್ನು ನೋಡಿಕೊಳ್ಳುವುದೋ, ಅಡುಗೆಗೆ ಕೈಜೋಡಿಸುವುದೋ.

ಆದರೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಆ ಮಕ್ಕಳಿಗೆ ಎಳವೆಯಲ್ಲಿಯೇ ಕನಿಷ್ಠ ಒಬ್ಬ ದೊಡ್ಡವರ ಗಟ್ಟಿ ನಂಟು ಸಿಕ್ಕಿತ್ತು. ಅವರು ತಂದೆ-ತಾಯಿಯೇ ಆಗಿರಬೇಕೆಂದಿರಲಿಲ್ಲ. ಬಹಳ ಕಡೆ ಅದು ಅಜ್ಜಿ ಅಥವಾ ಅಜ್ಜ. ಕೆಲವು ಕಡೆ ಚಿಕ್ಕಮ್ಮ, ಮಾವ, ದೊಡ್ಡ ಅಕ್ಕ. ಮನೆಯಾಚೆ ಹೋದರೆ ಮೆಚ್ಚಿನ ಮೇಷ್ಟ್ರು ಅಥವಾ ಟೀಚರ್, ಪಕ್ಕದ ಮನೆಯವರು, ಪೂಜಾಸ್ಥಳದ ಹಿರಿಯರು. ಅವರಲ್ಲಿ ಹೆಚ್ಚಿನವರು ಹಣವಂತರಲ್ಲ, ದೊಡ್ಡ ಓದು ಓದಿದವರೂ ಅಲ್ಲ. ಮಗುವನ್ನು ಇದ್ದ ಹಾಗೆಯೇ ಒಪ್ಪಿಕೊಂಡು, ಬಿಡದೆ ಜೊತೆಗೆ ನಿಂತವರು.

ಇಲ್ಲೊಂದು ಸೂಕ್ಷ್ಮವಿದೆ. ಆ ಹಿರಿಯರು ಮಗುವಿನ ಕಷ್ಟವನ್ನು ತೆಗೆದುಹಾಕಿರಲಿಲ್ಲ. ಕುಡಿಯುವ ಅಪ್ಪ ಕುಡಿಯುತ್ತಲೇ ಇದ್ದ, ಬಡತನ ಹಾಗೇ ಇತ್ತು. ಆದರೆ ಮಗುವಿನ ಮನಸ್ಸಿನಲ್ಲಿ 'ನನಗೊಬ್ಬರಿದ್ದಾರೆ' ಎಂಬ ಧೈರ್ಯ ಕೂತಿತ್ತು. ಅದೇ ಅದರ ಬೆನ್ನೆಲುಬಾಯಿತು.

ರಾಮೇಶ್ವರದ ಹುಡುಗನ ಸುತ್ತ

ಹವಾಯಿ ದೂರವಾಯಿತು ಎನ್ನುವಿರಾ? ನಮ್ಮ ಪಕ್ಕದ ತಮಿಳುನಾಡಿನ ರಾಮೇಶ್ವರವೂ ಒಂದು ದ್ವೀಪವೇ. ಅಲ್ಲಿ 1931ರ ಅಕ್ಟೋಬರ್ 15ರಂದು ಹುಟ್ಟಿದ ಹುಡುಗ ಮುಂದೆ ರಾಷ್ಟ್ರಪತಿಯಾದ ಎ.ಪಿ.ಜೆ. ಅಬ್ದುಲ್ ಕಲಾಂ. ಅವರ ಆತ್ಮಕಥೆ ಓದಿದರೆ, ಆ ಹುಡುಗನ ಸುತ್ತ ಎಷ್ಟು ಜನ ದೊಡ್ಡವರು ನಿಂತಿದ್ದರು ಎಂದು ಅಚ್ಚರಿಯಾಗುತ್ತದೆ. ಒಬ್ಬೊಬ್ಬರು ಕೊಟ್ಟದ್ದೂ ಬೇರೆ ಬೇರೆ.

ಕಲಾಂ ಐದನೇ ತರಗತಿಯಲ್ಲಿದ್ದಾಗ ಶಾಲೆಗೆ ಹೊಸ ಮೇಷ್ಟ್ರೊಬ್ಬರು ಬಂದರು. ಟೋಪಿ ಹಾಕಿದ ಮುಸ್ಲಿಂ ಹುಡುಗ, ಜನಿವಾರ ಹಾಕಿದ ರಾಮನಾಥ ಶಾಸ್ತ್ರಿಯ ಪಕ್ಕ ಮೊದಲ ಬೆಂಚಿನಲ್ಲಿ ಕುಳಿತಿರುವುದು ಅವರಿಗೆ ಸಹಿಸಲಿಲ್ಲ. ಕಲಾಂ ಅವರನ್ನು ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದರು. ಗೆಳೆಯರಿಬ್ಬರಿಗೂ ಅಳು ಬಂತು. ಮನೆಗೆ ಹೋಗಿ ಹೇಳಿದರು. ರಾಮನಾಥನ ತಂದೆ ಲಕ್ಷ್ಮಣ ಶಾಸ್ತ್ರಿಗಳು ರಾಮೇಶ್ವರ ದೇವಾಲಯದ ಪ್ರಧಾನ ಅರ್ಚಕರು. ಅವರು ಮೇಷ್ಟ್ರನ್ನು ಕರೆಸಿ, ಮಕ್ಕಳ ಮನಸ್ಸಿಗೆ ಇಂಥ ವಿಷ ಬೆರೆಸಬಾರದು, ಕ್ಷಮೆ ಕೇಳಿ, ಇಲ್ಲದಿದ್ದರೆ ಊರು ಬಿಡಿ ಎಂದು ಖಡಾಖಂಡಿತವಾಗಿ ಹೇಳಿದರು. ಮೇಷ್ಟ್ರಿಗೆ ತಪ್ಪಿನ ಅರಿವಾಯಿತು. ತಮ್ಮ ಪರವಾಗಿ ಒಬ್ಬ ಹಿರಿಯರು ಎದ್ದು ನಿಂತದ್ದನ್ನು ಮಕ್ಕಳು ಕಂಡರು.

ವಿಜ್ಞಾನದ ಮೇಷ್ಟ್ರು ಶಿವಸುಬ್ರಹ್ಮಣ್ಯ ಅಯ್ಯರ್ ಸಂಪ್ರದಾಯಸ್ಥ ಮನೆತನದವರು. ಒಂದು ದಿನ ಶಿಷ್ಯನನ್ನು ಮನೆಗೆ ಊಟಕ್ಕೆ ಕರೆದರು. ತಮ್ಮ ಮಡಿ ಅಡುಗೆಮನೆಯಲ್ಲಿ ಅನ್ಯಧರ್ಮದ ಹುಡುಗನಿಗೆ ಬಡಿಸಲು ಅವರ ಹೆಂಡತಿ ಒಪ್ಪಲಿಲ್ಲ. ಮೇಷ್ಟ್ರು ಸಿಟ್ಟಾಗಲಿಲ್ಲ. ತಾವೇ ಬಡಿಸಿದರು, ಪಕ್ಕದಲ್ಲಿ ಕುಳಿತು ಉಂಡರು. ಹೊರಡುವಾಗ ಮುಂದಿನ ವಾರವೂ ಊಟಕ್ಕೆ ಬಾ ಎಂದರು. ಹುಡುಗ ಹಿಂಜರಿದ. ಬದಲಾವಣೆ ತರಬೇಕೆಂದು ಹೊರಟ ಮೇಲೆ ಇಂಥವನ್ನೆಲ್ಲ ಎದುರಿಸಬೇಕಾಗುತ್ತದೆ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಮುಂದಿನ ವಾರ ಅದೇ ತಾಯಿ ಹುಡುಗನನ್ನು ಅಡುಗೆಮನೆಯೊಳಗೆ ಕರೆದು ತಮ್ಮ ಕೈಯಾರೆ ಬಡಿಸಿದರು.

ದಾಯಾದಿ ಅಣ್ಣ ಶಂಸುದ್ದೀನ್ ಕೊಟ್ಟದ್ದು ಕೆಲಸ. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುವುದು ರದ್ದಾಗಿ, ಓಡುವ ರೈಲಿನಿಂದಲೇ ಪತ್ರಿಕೆಗಳ ಕಟ್ಟು ಎಸೆಯುತ್ತಿದ್ದರು. ಅದನ್ನು ಹಿಡಿಯಲು ಶಂಸುದ್ದೀನ್‌ಗೆ ಒಬ್ಬ ಸಹಾಯಕ ಬೇಕಿತ್ತು. ಹುಡುಗ ಕಲಾಂಗೆ ಮೊದಲ ಸಂಬಳ ಸಿಕ್ಕಿದ್ದು ಹಾಗೆ. ಅರ್ಧ ಶತಮಾನ ಕಳೆದ ಮೇಲೂ ಆ ಹೆಮ್ಮೆಯನ್ನು ಅವರು ಮರೆತಿರಲಿಲ್ಲ.

ಬಂಧುವಾದ ಜಲಾಲುದ್ದೀನ್ ಹುಡುಗನಿಗಿಂತ ಸುಮಾರು ಹದಿನೈದು ವರ್ಷ ದೊಡ್ಡವರು. ಸಂಜೆಯ ನಡಿಗೆಯಲ್ಲಿ ಪುಸ್ತಕ, ವಿಜ್ಞಾನ, ದೇವರು, ದೂರದ ಊರು ಎಲ್ಲದರ ಬಗ್ಗೆ ಸಮಾನರಂತೆ ಮಾತನಾಡುತ್ತಿದ್ದರು. ಅಕ್ಕ ಜೋಹರಾ ತಮ್ಮನ ಎಂಜಿನಿಯರಿಂಗ್ ಪ್ರವೇಶದ ಹಣಕ್ಕಾಗಿ ತನ್ನ ಚಿನ್ನದ ಬಳೆ, ಸರ ಅಡವಿಟ್ಟರು.

ನೋಡಿ: ಒಬ್ಬರು ಅವಮಾನದ ಎದುರು ನಿಂತರು, ಒಬ್ಬರು ಜೊತೆಗೆ ಕುಳಿತು ಉಂಡರು, ಒಬ್ಬರು ಕೆಲಸ ಕೊಟ್ಟರು, ಒಬ್ಬರು ಮಾತಿಗೆ ಸಿಕ್ಕರು, ಒಬ್ಬರು ಒಡವೆ ಕೊಟ್ಟರು. ಎಲ್ಲವನ್ನೂ ಒಬ್ಬರೇ ಮಾಡಬೇಕಾಗಿಲ್ಲ. ನಮ್ಮಿಂದ ಆಗುವುದು ಯಾವುದು ಎಂದು ಅರಿತುಕೊಂಡರೆ ಆಯಿತು.

ಕಿವಿ ಮೊದಲು, ಬಾಯಿ ಆಮೇಲೆ

ಅಜ್ಜ-ಅಜ್ಜಿಯರೇ, ಈ ಭಾಗ ನಿಮಗೆ.

ಅಪ್ಪ-ಅಮ್ಮನಿಗೆ ಬೆಳಿಗ್ಗೆ ಎದ್ದರೆ ಸಾವಿರ ಕೆಲಸ. ಹೊತ್ತು ಎಂಬ ಸಂಪತ್ತು ಹೆಚ್ಚಾಗಿ ಇರುವುದು ನಿಮ್ಮ ಬಳಿ. ಮಗು ಶಾಲೆಯಿಂದ ಬಂದು ಬ್ಯಾಗು ಬಿಸಾಡಿ ಮುಖ ಊದಿಸಿಕೊಂಡು ಕುಳಿತರೆ ಕೂಡಲೇ "ಏನಾಯ್ತು, ಯಾರು ಬೈದರು, ನೀನೇ ಏನೋ ಮಾಡಿರಬೇಕು" ಎಂದು ಶುರುಮಾಡಬೇಡಿ. ಕೈಗೊಂದು ಲೋಟ ಹಾಲೋ ತಟ್ಟೆ ಅವಲಕ್ಕಿಯೋ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಹುರಳಿಕಾಯಿ ನಾರು ತೆಗೆಯುತ್ತಲೋ ಬಟ್ಟೆ ಮಡಚುತ್ತಲೋ ಇದ್ದರೆ ಇನ್ನೂ ಒಳ್ಳೆಯದು. ಮುಖಾಮುಖಿ ಕೂರಿಸಿ ಕೇಳಿದರೆ ಬಾಯಿಬಿಡದ ಮಕ್ಕಳು ಕೈಗೆ ಕೆಲಸವಿದ್ದಾಗ ತಾವಾಗಿಯೇ ಹೇಳತೊಡಗುತ್ತಾರೆ.

ಹೇಳಿದ ಮೇಲೆ ಉಪದೇಶಕ್ಕೆ ಅವಸರ ಬೇಡ. "ಹಾಗಾಯಿತಾ? ನಿನಗೆ ಬೇಜಾರಾಗಿರಬೇಕು. ಈಗ ಏನು ಮಾಡೋಣ ಅನ್ನಿಸುತ್ತೆ ನಿನಗೆ?" ಈ ಮೂರು ಮಾತು ಸಾಕು. ಮೂರನೆಯ ಮಾತಿನಲ್ಲೇ ಗುಟ್ಟಿರುವುದು. ದಾರಿ ಹುಡುಕುವ ಶಕ್ತಿ ನಿನಗಿದೆ ಎಂದು ಆ ಪ್ರಶ್ನೆ ಮಗುವಿಗೆ ಹೇಳುತ್ತದೆ.

ಇನ್ನೊಂದು ಮಾತು. ಅಮ್ಮ ಗದರಿಸಿದಾಗ ಮೊಮ್ಮಗುವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು "ನಿಮ್ಮಮ್ಮನಿಗೆ ಬುದ್ಧಿಯಿಲ್ಲ" ಎನ್ನುವುದು ಆಸರೆಯಲ್ಲ. ಅದರಿಂದ ಮಗುವಿಗೆ ಒಬ್ಬರು ಸಿಗುವ ಬದಲು ಇನ್ನೊಬ್ಬರು ಕೈತಪ್ಪುತ್ತಾರೆ. ಮಗುವಿನ ಕಣ್ಣೀರು ಒರೆಸಿ. ಸೊಸೆ ಅಥವಾ ಮಗನೊಂದಿಗೆ ಮಾತು ಬೇಕಿದ್ದರೆ ಮಗು ಮಲಗಿದ ಮೇಲೆ ಆಡಿ.

ಕಲ್ಯಾಣ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅಪ್ಪ-ಅಮ್ಮ ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬೈ, ಗೋವಾ ಕಡೆ ಹೋದಾಗ ಮಕ್ಕಳು ಉಳಿಯುವುದು ಅಜ್ಜಿಯ ಬಳಿ. "ನಾನು ಓದಿದವಳಲ್ಲ, ನನ್ನಿಂದ ಏನಾದೀತು" ಎಂದು ಅಂಥ ಅಜ್ಜಿಯರು ಹೇಳುವುದುಂಟು. ಕವಾಯಿಯ ಆ ಅಜ್ಜಿಯರಲ್ಲೂ ಎಷ್ಟೋ ಜನ ಜೀವನವಿಡೀ ತೋಟದ ಕೂಲಿ ಮಾಡಿದ ಕುಟುಂಬದವರೇ. ಪುಸ್ತಕ ತೆರೆಸಿ ಕೂರಿಸಿ, "ಇದರಲ್ಲಿ ಏನಿದೆ, ನನಗೂ ಹೇಳು" ಎಂದರೆ ಅದೇ ದೊಡ್ಡ ಪಾಠ. ಹೇಳಿಕೊಡುವಾಗ ಮಗುವೇ ಎರಡು ಸಲ ಕಲಿಯುತ್ತದೆ.

ಹೊಗಳಿಕೆಯ ಹದ

"ನನ್ನ ಮೊಮ್ಮಗ ಭಾರೀ ಬುದ್ಧಿವಂತ!" ಈ ಮಾತು ಹೇಳದ ಅಜ್ಜಂದಿರಿಲ್ಲ. ಆದರೆ ಹೊಗಳಿಕೆಗೂ ಒಂದು ಹದ ಬೇಕು ಎನ್ನುತ್ತದೆ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಅಮೆರಿಕದ ಐದನೇ ತರಗತಿಯ ಮಕ್ಕಳಿಗೆ ಕೆಲವು ಸಮಸ್ಯೆಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ "ನೀನು ಜಾಣ" ಎಂದರು. ಇನ್ನು ಕೆಲವರಿಗೆ "ನೀನು ಚೆನ್ನಾಗಿ ಶ್ರಮಪಟ್ಟಿದ್ದೀಯ" ಎಂದರು.

ಮುಂದೆ ಕಠಿಣ ಸಮಸ್ಯೆಗಳು ಬಂದಾಗ ಎರಡೂ ಗುಂಪಿನವರು ಎಡವಿದರು. ಆದರೆ ಜಾಣ ಎನ್ನಿಸಿಕೊಂಡವರು ಬೇಗ ಮನಸ್ಸು ಕುಗ್ಗಿಸಿಕೊಂಡರು. ಮತ್ತೆ ಮೊದಲಿನಂಥ ಸಮಸ್ಯೆಗಳನ್ನೇ ಕೊಟ್ಟರೂ ಮುಂಚಿನಷ್ಟು ಚೆನ್ನಾಗಿ ಮಾಡಲಿಲ್ಲ. ಶ್ರಮಕ್ಕೆ ಮೆಚ್ಚುಗೆ ಪಡೆದವರು ಮುಂಚಿಗಿಂತ ಚೆನ್ನಾಗಿ ಮಾಡಿದರು. ಇನ್ನೊಂದು ವಿಷಯ ಕೇಳಿ: ತಮಗೆ ಬಂದ ಅಂಕವನ್ನು ಹೆಸರು ಬರೆಯದೆ ಬೇರೆ ಶಾಲೆಯ ಮಕ್ಕಳಿಗೆ ತಿಳಿಸಲು ಹೇಳಿದಾಗ, ಜಾಣ ಎನ್ನಿಸಿಕೊಂಡವರಲ್ಲಿ ಹತ್ತಿರ ಹತ್ತಿರ 40 ಶೇಕಡಾ ಮಕ್ಕಳು ಹೆಚ್ಚು ಮಾಡಿ ಹೇಳಿದರು. ಜಾಣ ಎಂಬ ಪಟ್ಟ ಕೈಜಾರುವ ಭಯ ಮಕ್ಕಳಿಂದ ಸುಳ್ಳನ್ನೂ ಹೇಳಿಸಿತು.

ಆದ್ದರಿಂದ ಮಗುವನ್ನು ಹೊಗಳುವಾಗ ಮಾಡಿದ ಕೆಲಸವನ್ನು ಹೆಸರಿಸಿ ಹೊಗಳಿ. "ಮೂರು ಸಲ ತಪ್ಪಾದರೂ ಬಿಡಲಿಲ್ಲವಲ್ಲ, ಅದು ನನಗೆ ಇಷ್ಟವಾಯಿತು." "ತಮ್ಮ ಅತ್ತಾಗ ನಿನ್ನ ಗಾಳಿಪಟ ಅವನಿಗೆ ಕೊಟ್ಟೆಯಲ್ಲ, ನೋಡಿದೆ." ಇಂಥ ಮಾತು ಮಗುವಿನ ಮನಸ್ಸಿನಲ್ಲಿ ಬಹಳ ಕಾಲ ಉಳಿಯುತ್ತದೆ.

ಆಸರೆಯೆಂದರೆ ಬರೀ ಮೆಚ್ಚುಗೆಯೂ ಅಲ್ಲ. ಕುವೆಂಪು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಊರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅವನ್ನು ತೋರಿಸಿದರು. ಕಸಿನ್ಸ್ ಹೊಗಳಿ ಕಳಿಸಲಿಲ್ಲ. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ತರುಣನಿಗೆ ಆಗ ನಿರಾಸೆಯಾಯಿತು. ಆದರೆ ಆ ಮಾತಿನ ಫಲವನ್ನು ಇಂದಿಗೂ ಉಣ್ಣುತ್ತಿರುವವರು ನಾವು ಕನ್ನಡಿಗರು. ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂದದ್ದು ಅದೇ ಕವಿಯ 'ಶ್ರೀ ರಾಮಾಯಣ ದರ್ಶನಂ'ಗೆ. ಮಗುವನ್ನು ನಂಬಿದವರು ಮಾತ್ರ "ಇದಕ್ಕಿಂತ ಚೆನ್ನಾಗಿ ನಿನ್ನಿಂದ ಆಗುತ್ತದೆ" ಎಂದು ಹೇಳಬಲ್ಲರು.

ನಮ್ಮ ಮನೆಯ ಕಥೆ

ಅಜ್ಜಿಕಥೆ ಎಂದರೆ ರಾಜ-ರಾಣಿ, ನರಿ-ಮೊಸಳೆ ಅಷ್ಟೇ ಅಲ್ಲ. ಅಮೆರಿಕದ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಎಂಬ ಮನಶ್ಶಾಸ್ತ್ರಜ್ಞರು ಕೆಲಸ ಮಾಡಿದ್ದಾರೆ. ಕಲಿಕೆಯ ತೊಂದರೆಯಿರುವ ಮಕ್ಕಳೊಂದಿಗೆ ಕೆಲಸ ಮಾಡುತ್ತಿದ್ದ ಡ್ಯೂಕ್ ಅವರ ಪತ್ನಿ ಸಾರಾ ಒಂದು ಸಂಗತಿ ಗಮನಿಸಿದ್ದರು: ತಮ್ಮ ಮನೆತನದ ಬಗ್ಗೆ ಹೆಚ್ಚು ತಿಳಿದ ಮಕ್ಕಳು ಕಷ್ಟವನ್ನು ಹೆಚ್ಚು ಚೆನ್ನಾಗಿ ಎದುರಿಸುತ್ತಾರೆ. ಅದನ್ನು ಪರೀಕ್ಷಿಸಲು ಡ್ಯೂಕ್ ಮತ್ತು ಫಿವುಶ್ 20 ಪ್ರಶ್ನೆಗಳ ಪಟ್ಟಿ ತಯಾರಿಸಿದರು. ಅಜ್ಜ-ಅಜ್ಜಿ ಬೆಳೆದದ್ದು ಎಲ್ಲಿ? ಅಪ್ಪ-ಅಮ್ಮ ಮೊದಲು ಭೇಟಿಯಾದದ್ದು ಎಲ್ಲಿ? ನೀನು ಹುಟ್ಟಿದಾಗ ಏನೇನು ನಡೆಯಿತು? ಇಂಥವೇ ಪ್ರಶ್ನೆಗಳು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚು ಕಂಡಿತು.

ಉತ್ತರ ಬಾಯಿಪಾಠ ಮಾಡಿಸಿದರೆ ಬಲ ಬರುವುದಿಲ್ಲ ಎಂದು ಅವರೇ ಎಚ್ಚರಿಸಿದ್ದಾರೆ. ಆ ಕಥೆಗಳು ಮಗುವಿಗೆ ಗೊತ್ತಾಗಿವೆ ಎಂದರೆ ಯಾರೋ ಪಕ್ಕದಲ್ಲಿ ಕುಳಿತು ಮತ್ತೆ ಮತ್ತೆ ಹೇಳಿದ್ದಾರೆ ಎಂದರ್ಥ. ಬಲ ಇರುವುದು ಆ ಕುಳಿತುಕೊಳ್ಳುವಿಕೆಯಲ್ಲಿ. ಮತ್ತೊಂದು ಗುಟ್ಟು: ಗೆದ್ದ ಕಥೆ ಮಾತ್ರ ಹೇಳಬೇಡಿ. ಮಳೆ ಬಾರದೆ ಬೆಳೆ ಹೋದ ವರ್ಷ, ಪರೀಕ್ಷೆಯಲ್ಲಿ ಫೇಲಾದ ಮಾವ, ಅಂಗಡಿ ಮುಚ್ಚಬೇಕಾದ ಅಜ್ಜ, ಆಮೇಲೆ ಹೇಗೆ ಸುಧಾರಿಸಿಕೊಂಡೆವು ಎಂಬುದನ್ನೂ ಹೇಳಿ. ಬೀಳುವುದು ಹೊಸದಲ್ಲ, ಎದ್ದವರ ವಂಶ ನಮ್ಮದು ಎಂದು ಮಗುವಿಗೆ ತಿಳಿಯಲಿ.

ಮೊಮ್ಮಕ್ಕಳು ದೂರದ ಊರಿನಲ್ಲಿದ್ದರೆ ವಿಡಿಯೊ ಕಾಲ್ ಇದ್ದೇ ಇದೆ. "ಊಟ ಆಯ್ತಾ, ಓದ್ತಿದ್ದೀಯಾ" ಎಂದು ಕೇಳಿ ಮುಗಿಸುವ ಬದಲು ವಾರಕ್ಕೊಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಒಂದು ವಾರ ನೀವು ಕಥೆ ಹೇಳಿ, ಮುಂದಿನ ವಾರ ಮಗು ಹೇಳಲಿ. ಹತ್ತೇ ನಿಮಿಷ ಸಾಕು, ಆದರೆ ತಪ್ಪಿಸಬೇಡಿ.

ಮಕ್ಕಳೇ, ಇದು ನಿಮಗೆ

ಕವಾಯಿಯ ಆ ಮಕ್ಕಳಲ್ಲಿ ಇನ್ನೊಂದು ಗುಣವಿತ್ತು. ಬೇಕಾದಾಗ ಸಹಾಯ ಕೇಳಲು ಅವರಿಗೆ ಸಂಕೋಚವಿರಲಿಲ್ಲ. ಮನೆಯಲ್ಲಿ ಸಿಗದಿದ್ದರೆ ಶಾಲೆಯಲ್ಲಿ ಹುಡುಕಿದರು, ಶಾಲೆಯಲ್ಲಿ ಸಿಗದಿದ್ದರೆ ಪಕ್ಕದ ಮನೆಯಲ್ಲಿ. ಸಹಾಯ ಕೇಳುವುದು ಹೇಡಿತನವಲ್ಲ, ಅದು ಜಾಣತನ.

ಒಂದು ಹಾಳೆಯ ಮೇಲೆ ನಿಮ್ಮ ಅಂಗೈ ಇಟ್ಟು ಸುತ್ತ ಗೆರೆ ಎಳೆಯಿರಿ. ಒಂದೊಂದು ಬೆರಳಿನೊಳಗೆ ನೀವು ನಂಬುವ ಒಬ್ಬೊಬ್ಬ ದೊಡ್ಡವರ ಹೆಸರು ಬರೆಯಿರಿ. ಐದೂ ತುಂಬದಿದ್ದರೆ ಚಿಂತೆಯಿಲ್ಲ, ಒಂದು ಹೆಸರಿನಿಂದಲೇ ಶುರುಮಾಡಿ. ಉಳಿದ ಬೆರಳುಗಳಿಗೆ ನಿಧಾನವಾಗಿ ಹುಡುಕೋಣ.

ಒಂದು ವಿಷಯ ಮಾತ್ರ ಚೆನ್ನಾಗಿ ನೆನಪಿಡಿ. ಯಾರಾದರೂ ನಿಮಗೆ ನೋವು ಮಾಡಿದರೆ, ಹೆದರಿಸಿದರೆ, ಇಷ್ಟವಿಲ್ಲದಂತೆ ಮೈ ಮುಟ್ಟಿದರೆ, "ಯಾರಿಗೂ ಹೇಳಬೇಡ" ಎಂದರೆ, ಅದನ್ನು ಹೇಳಲೇಬೇಕು. ಬೆರಳಿನಲ್ಲಿ ಬರೆದ ಮೊದಲನೆಯವರು ನಂಬದಿದ್ದರೆ ಎರಡನೆಯವರಿಗೆ ಹೇಳಿ. ಯಾರೂ ಸಿಗದಿದ್ದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ. ಹಗಲು-ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಖರ್ಚಾಗುವುದಿಲ್ಲ. ಹತ್ತು, ಒಂಬತ್ತು, ಎಂಟು ಎಂದು ನೆನಪಿಟ್ಟುಕೊಳ್ಳಿ.

ತಡವಾಯಿತೇ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ನಾವು ಎಷ್ಟೋ ಸಲ ಹುಡುಗರನ್ನು ಕೈಬಿಡುವುದಕ್ಕೆ ನೆವ ಮಾಡಿಕೊಳ್ಳುತ್ತೇವೆ. ಹತ್ತನೇ ತರಗತಿ ಫೇಲಾದವನು, ದಾರಿ ತಪ್ಪಿದನೆಂದು ಊರೆಲ್ಲ ಬೆರಳು ತೋರಿಸುವವನು, ಇನ್ನು ಉದ್ಧಾರವಾಗುವುದಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಹದಿಹರೆಯದಲ್ಲಿ ತೊಂದರೆಗೆ ಸಿಲುಕಿದ್ದ ಕವಾಯಿಯ ಮಕ್ಕಳ ಕಥೆಯ ಮುಂದಿನ ಭಾಗ ಇಲ್ಲಿದೆ. ಮೂವತ್ತು-ನಲವತ್ತರ ವಯಸ್ಸಿನಲ್ಲಿ ವರ್ನರ್ ಮತ್ತೆ ಹುಡುಕಿಕೊಂಡು ಹೋದಾಗ ಅವರಲ್ಲಿ ಹೆಚ್ಚಿನವರು ಸುಧಾರಿಸಿಕೊಂಡಿದ್ದರು. ಕೆಲವರು ಮತ್ತೆ ಕಾಲೇಜು ಸೇರಿದ್ದರು, ಕೆಲವರು ಸೈನ್ಯದಲ್ಲಿ ಶಿಸ್ತು ಮತ್ತು ಕಸುಬು ಕಲಿತಿದ್ದರು, ಕೆಲವರಿಗೆ ಒಳ್ಳೆಯ ಸಂಗಾತಿ ಸಿಕ್ಕಿದ್ದರು, ಕೆಲವರಿಗೆ ದೇವರ ಮೇಲಿನ ನಂಬಿಕೆ ಹೊಸ ಬಳಗ ಕೊಟ್ಟಿತ್ತು. ಎರಡನೇ ಅವಕಾಶದ ಬಾಗಿಲು ತೆರೆದಾಗ ಅವರು ಒಳಗೆ ಹೆಜ್ಜೆಯಿಟ್ಟಿದ್ದರು. ಹದಿನೆಂಟಕ್ಕೆ ಕೊಟ್ಟ ತೀರ್ಪು ಮೂವತ್ತೆರಡಕ್ಕೆ ಸುಳ್ಳಾಗಿತ್ತು. ಈ ದಸರಾಕ್ಕೋ ಯುಗಾದಿಗೋ ಊರಿಗೆ ಬರುವ ಮೌನಿ ಮೊಮ್ಮಗನ ಪಕ್ಕ ಕೂರಲು ಖಂಡಿತ ತಡವಾಗಿಲ್ಲ.

ಆಸರೆ ಯಾವಾಗಲೂ ದೊಡ್ಡವರಿಂದ ಚಿಕ್ಕವರಿಗೇ ಹರಿಯಬೇಕೆಂದೂ ಇಲ್ಲ. ಸುಧಾ ಮೂರ್ತಿ ಅವರು ತಮ್ಮ ಅಜ್ಜಿಯ ಬಗ್ಗೆ ಬರೆದದ್ದನ್ನು ಹಲವರು ಓದಿರಬಹುದು. ಓದು ಬಾರದ ಆ ಅಜ್ಜಿಗೆ ವಾರಪತ್ರಿಕೆಯಲ್ಲಿ ಬರುತ್ತಿದ್ದ ತ್ರಿವೇಣಿಯವರ 'ಕಾಶಿಯಾತ್ರೆ' ಧಾರಾವಾಹಿ ಎಂದರೆ ಪ್ರಾಣ. ಸುಮಾರು ಹನ್ನೆರಡು ವರ್ಷದ ಮೊಮ್ಮಗಳು ಪ್ರತಿವಾರ ಓದಿ ಹೇಳುತ್ತಿದ್ದಳು. ಒಮ್ಮೆ ಅವಳು ಮದುವೆಗೆಂದು ಬೇರೆ ಊರಿಗೆ ಹೋದಾಗ ಪತ್ರಿಕೆ ಬಂತು. ಅಕ್ಷರಗಳ ಮೇಲೆ ಕೈಯಾಡಿಸಿದ ಅಜ್ಜಿಗೆ ಒಂದೂ ತಿಳಿಯಲಿಲ್ಲ. ಹಿಂತಿರುಗಿದ ಮೊಮ್ಮಗಳ ಮುಂದೆ ಅತ್ತರು. ಆಮೇಲೆ ದಸರೆಯ ಸರಸ್ವತಿ ಪೂಜೆಯೊಳಗೆ ಓದು ಕಲಿಯುತ್ತೇನೆ ಎಂದರು, ಕಲಿತೂಬಿಟ್ಟರು. ಅಂದು ಮೊಮ್ಮಗಳು ಕೈಗಿತ್ತ 'ಕಾಶಿಯಾತ್ರೆ' ಪುಸ್ತಕದ ಹೆಸರನ್ನು ತಾವೇ ಓದಿದರು. ತನಗೆ ಅಕ್ಷರ ಕಲಿಸಿದ ಗುರುವೆಂದು ಮೊಮ್ಮಗಳ ಕಾಲು ಮುಟ್ಟಿ ನಮಸ್ಕರಿಸಿದರು.

ಈ ಭಾನುವಾರ ಹೀಗೆ ಮಾಡಿ

ಮಕ್ಕಳೇ, ಒಂದು ನೋಟ್‌ಬುಕ್ ಹಿಡಿದು ಅಜ್ಜ ಅಥವಾ ಅಜ್ಜಿಯ ಪಕ್ಕ ಕುಳಿತು ಈ ಹತ್ತು ಪ್ರಶ್ನೆ ಕೇಳಿ. ಅಜ್ಜ-ಅಜ್ಜಿ ಇಲ್ಲದಿದ್ದರೆ ಬೀದಿಯಲ್ಲಿ ನಿಮಗೆ ಇಷ್ಟವಾದ ಹಿರಿಯರೊಬ್ಬರನ್ನು ಅಪ್ಪ-ಅಮ್ಮನಿಗೆ ತಿಳಿಸಿ ಕೇಳಿ.

1. ನೀವು ಹುಟ್ಟಿದ ಮನೆ ಹೇಗಿತ್ತು?
2. ನಿಮಗೆ ಹೆಸರಿಟ್ಟವರು ಯಾರು? ಆ ಹೆಸರೇ ಏಕೆ?
3. ನನ್ನ ವಯಸ್ಸಿನಲ್ಲಿ ನೀವು ಮನೆಯಲ್ಲಿ ಯಾವ ಕೆಲಸ ಮಾಡುತ್ತಿದ್ದಿರಿ?
4. ನಿಮಗೆ ಇಷ್ಟವಾದ ಮೇಷ್ಟ್ರು ಅಥವಾ ಟೀಚರ್ ಯಾರು?
5. ನೀವು ತುಂಬಾ ಹೆದರಿದ್ದು ಯಾವಾಗ?
6. ನಿಮ್ಮ ಮೊದಲ ಸಂಪಾದನೆ ಎಷ್ಟು? ಅದರಲ್ಲಿ ಏನು ಕೊಂಡಿರಿ?
7. ನಮ್ಮ ಮನೆಗೆ ಬಂದ ದೊಡ್ಡ ಕಷ್ಟ ಯಾವುದು? ಅದನ್ನು ಹೇಗೆ ದಾಟಿದಿರಿ?
8. ಆಗ ಕೈಹಿಡಿದವರು ಯಾರು?
9. ಅಪ್ಪ ಅಥವಾ ಅಮ್ಮ ಚಿಕ್ಕವರಿದ್ದಾಗ ಮಾಡಿದ ಒಂದು ತುಂಟತನ ಹೇಳಿ.
10. ನಾನು ನಿಮಗೆ ಈಗ ಏನು ಕಲಿಸಲಿ?

ಹತ್ತನೆಯ ಪ್ರಶ್ನೆಗೆ "ಮೊಬೈಲಿನಲ್ಲಿ ಫೋಟೊ ಕಳಿಸುವುದು" ಎಂಬ ಉತ್ತರ ಬಂದರೆ ನಗಬೇಡಿ. ಅಂದೇ ಕಲಿಸಿ. ಮರೆತರೆ ಮತ್ತೆ ಕಲಿಸಿ. ನಿಮಗೆ ನಡೆಯಲು ಕಲಿಸುವಾಗ ಅವರೂ ಎಷ್ಟು ಸಲ ಕೈ ಹಿಡಿದಿದ್ದರೋ ಲೆಕ್ಕವಿಟ್ಟಿಲ್ಲ.